ಮಳೆ, ಕರೆಂಟು, ಕಾನೂನು, ಡಾಲರ್: ಹೊರಗಿನ ಸಂಗತಿಗಳು ಐಟಿ ಸೇವೆಯನ್ನು ಹೇಗೆ ಅಲ್ಲಾಡಿಸುತ್ತವೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನ ಗೋಣಿಕೊಪ್ಪಲಿನಲ್ಲಿ ಕೂತು ನಾವು 4 ಜನ ಕಾಫಿ ಕ್ಯೂರಿಂಗ್ ವರ್ಕ್ಸ್ (ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕಾರ್ಖಾನೆ), ಸಹಕಾರ ಸಂಘ, ಶಾಲೆ, ಹೋಂಸ್ಟೇಗಳ ಕಂಪ್ಯೂಟರ್, ನೆಟ್, ಸಾಫ್ಟ್‌ವೇರ್ ನೋಡಿಕೊಳ್ಳುತ್ತೇವೆ. ಅದಕ್ಕೂ ಮೊದಲು ನಾನು ಬೆಂಗಳೂರಿನಲ್ಲಿ, ಕಂಪ್ಯೂಟರ್ ತೊಂದರೆ ಹೇಳಿಕೊಳ್ಳೋಕೆ ಜನ ಫೋನ್ ಮಾಡುವ ಒಂದು ಸರ್ವಿಸ್ ಡೆಸ್ಕ್‌ನಲ್ಲಿದ್ದೆ. ಅಲ್ಲಿ ಕಲಿತ ಪಾಠ ಇಲ್ಲಿಯ ಮೊದಲ ಮಳೆಗಾಲದಲ್ಲೇ ಅರ್ಧಕ್ಕರ್ಧ ಕೈಕೊಟ್ಟಿತು. ಫೋನಿನಲ್ಲಿ, ಪತ್ರದಲ್ಲಿ, ಸಂತೆ ದಿನ ದಾರಿಯಲ್ಲಿ ನಿಲ್ಲಿಸಿ ಜನ ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಹಾಕಿದ್ದೇನೆ.

## ಮೊದಲು ಬುಡದಿಂದ

"ಐಟಿ ಸರ್ವಿಸ್ ಮ್ಯಾನೇಜ್‌ಮೆಂಟ್ ಅಂದ್ರೆ ಕಂಪ್ಯೂಟರ್ ರಿಪೇರಿ ತಾನೆ ಅಣ್ಣಾ? ಅದಕ್ಕೆ ಅಷ್ಟು ದೊಡ್ಡ ಹೆಸರು ಯಾಕೆ?"

ರಿಪೇರಿ ಅದರಲ್ಲಿ ಒಂದು ತುಂಡು ಅಷ್ಟೇ. ಒಬ್ಬ ರೈತ ಸೊಸೈಟಿಗೆ ಬಂದು ಬೆಳೆ ಸಾಲದ ಕಂತು ಕಟ್ಟುತ್ತಾನೆ ಅಂದುಕೊಳ್ಳಿ. ಅವನಿಗೆ ಬೇಕಾಗಿರೋದು ರಸೀದಿ. ಆ ರಸೀದಿ ಅವನ ಕೈಗೆ ಬರಬೇಕಾದರೆ ಕಂಪ್ಯೂಟರ್, ಪ್ರಿಂಟರ್, ನೆಟ್, ಸಾಫ್ಟ್‌ವೇರ್, ಕೌಂಟರಿನಲ್ಲಿ ಕೂತಿರುವ ಹುಡುಗಿ, ಸಾಫ್ಟ್‌ವೇರ್ ಕೊಟ್ಟ ಕಂಪನಿ, ಎಲ್ಲರೂ ಒಟ್ಟಿಗೆ ಕೆಲಸ ಮಾಡಬೇಕು. ಆ ಪೂರ್ತಿ ಸರಪಳಿಗೆ ಸೇವೆ ಅಂತ ಹೆಸರು. ಕೆಟ್ಟಾಗ ಯಾರಿಗೆ ಫೋನ್ ಮಾಡಬೇಕು, ಎಷ್ಟು ಹೊತ್ತಿನಲ್ಲಿ ಸರಿಮಾಡಬೇಕು, ಬದಲಾವಣೆ ಯಾವಾಗ ಮಾಡಬೇಕು, ಅದೇ ತೊಂದರೆ ಮತ್ತೆ ಬರದ ಹಾಗೆ ಏನು ಮಾಡಬೇಕು ಅಂತ ಮೊದಲೇ ಗೊತ್ತುಮಾಡಿ ಇಟ್ಟುಕೊಂಡು ನಡೆಸೋದು ಅದರ ಮ್ಯಾನೇಜ್‌ಮೆಂಟ್.

"ಹೊರಗಿನ ಅಂಶ ಅಂತ ಯಾವುದಕ್ಕೆ ಹೇಳ್ತೀರಿ? ಒಂದು ಪಟ್ಟಿ ಇದೆಯಾ?"

ಇದೆ. ಈ ಕಸುಬಿನಲ್ಲಿ ಎಲ್ಲರೂ ನೋಡುವ ಚೌಕಟ್ಟು ಐಟಿಲ್. 1980ರ ದಶಕದಲ್ಲಿ ಬ್ರಿಟನ್ ಸರ್ಕಾರದ ಒಂದು ಇಲಾಖೆಯಲ್ಲಿ ಹುಟ್ಟಿದ್ದು. ಅದರ 4ನೇ ಆವೃತ್ತಿ 2019ರಲ್ಲಿ ಬಂತು. ಸೇವೆಗೆ ನಾಲ್ಕು ಮುಖ ಇದೆ ಅಂತ ಅದು ಹೇಳುತ್ತದೆ: ಸಂಸ್ಥೆ ಮತ್ತು ಜನ, ಮಾಹಿತಿ ಮತ್ತು ತಂತ್ರಜ್ಞಾನ, ಪಾಲುದಾರರು ಮತ್ತು ಸಾಮಾನು ಕೊಡುವವರು, ಕೆಲಸ ಸಾಗುವ ದಾರಿ. ಈ ನಾಲ್ಕರ ಸುತ್ತಲೂ ಆರು ಹೊರಗಿನ ಒತ್ತಡ: ರಾಜಕೀಯ, ಹಣಕಾಸು, ಸಮಾಜ, ತಂತ್ರಜ್ಞಾನ, ಕಾನೂನು, ಪರಿಸರ. ಇಂಗ್ಲಿಷ್ ಹೆಸರುಗಳ ಮೊದಲಕ್ಷರ ಸೇರಿಸಿ ಇದನ್ನು ಪೆಸ್ಟಲ್ ಅಂತ ಕರೀತಾರೆ.

ಬೆಂಗಳೂರಿನಲ್ಲಿ ನಾನು ಓದಿದಾಗ ಪರಿಸರ ಅನ್ನೋದು ಪಟ್ಟಿಯ ಕೊನೆಯಲ್ಲಿತ್ತು, ಪರೀಕ್ಷೆಗೆ ಮಾತ್ರ ಅಂತ ಓದಿ ಬಿಟ್ಟಿದ್ದೆ. ಕೊಡಗಿನಲ್ಲಿ ಅದನ್ನೇ ಮೊದಲು ಬರೆಯಬೇಕು.

"ಕರೆಂಟ್ ಹೋದ್ರೆ ಅದೂ ನಿಮ್ಮ ತಪ್ಪಾ?"

ಕರೆಂಟ್ ಹೋಗಿದ್ದು ನಮ್ಮ ತಪ್ಪಲ್ಲ. ಹೋಗುತ್ತೆ ಅಂತ ಗೊತ್ತಿದ್ದೂ ಯುಪಿಎಸ್ ಬ್ಯಾಟರಿ ನೋಡದೆ ಬಿಟ್ಟಿದ್ದರೆ ಅದು ನಮ್ಮ ತಪ್ಪು.

"ಮಳೆ, ಕಾನೂನು, ಡಾಲರ್ ಯಾವುದೂ ನಮ್ಮ ಕೈಲಿಲ್ಲ. ಮತ್ತೆ ಯೋಚನೆ ಮಾಡಿ ಏನು ಪ್ರಯೋಜನ?"

ಇದನ್ನು ಕೇಳಿದವರು ಸಿದ್ದಾಪುರದ ಕಡೆಯ ಒಂದು ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರು. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲೂ ಕೊಡುತ್ತೇನೆ. ಕಾಫಿ ಹೂ ಅರಳಿಸುವ ಹೂ ಮಳೆ ನಿಮ್ಮ ಕೈಲಿಲ್ಲ. ಆದರೂ ಫೆಬ್ರವರಿ ಬರುವ ಹೊತ್ತಿಗೆ ಸ್ಪ್ರಿಂಕ್ಲರ್ ಪೈಪು, ಡೀಸೆಲ್ ಪಂಪು ನೋಡಿ ಇಡ್ತೀರಿ ಅಲ್ವಾ? ಮಳೆ ಬಂದರೆ ಸರಿ, ಬಾರದಿದ್ದರೆ ನೀರು ಹಾರಿಸ್ತೀರಿ. ನಮ್ಮ ಕೆಲಸವೂ ಹಾಗೇ. ಹೊರಗಿಂದ ಬರುವುದರಲ್ಲಿ ಹೆಚ್ಚಿನದಕ್ಕೆ ಒಂದು ಕಾಲ ಇದೆ, ಒಂದು ಸೂಚನೆ ಇದೆ. ಅದನ್ನು ನೋಡಿ ನಾವು ಗ್ರಾಹಕರಿಗೆ ಕೊಡುವ ಮಾತನ್ನು ತಿದ್ದಿಕೊಳ್ಳಬಹುದು. ಕೊಡಗಿನಲ್ಲಿ ಕೆಟ್ಟುಹೋದ ಎಷ್ಟೋ ಐಟಿ ಕೆಲಸ ನಾನು ನೋಡಿದ್ದೇನೆ. ಅವು ಕೆಟ್ಟಿದ್ದು ಮಷೀನಿನಿಂದಲ್ಲ. ಜನವರಿಯ ಬಿಸಿಲಿನಲ್ಲಿ ಕೊಟ್ಟ ಮಾತನ್ನು ಜುಲೈನಲ್ಲಿ ಉಳಿಸಿಕೊಳ್ಳೋಕೆ ಆಗಲಿಲ್ಲ, ಅದಕ್ಕೆ.

## ಮಳೆ, ಮರ, ಹಂಗಾಮು, ಜನ

"ಮಳೆಗಾಲದಲ್ಲಿ ನೆಟ್ ಯಾಕೆ ಇಷ್ಟು ಸಾಯುತ್ತೆ? ಟವರ್ ಮನೆ ಎದುರೇ ಇದೆಯಲ್ಲ!"

ಟವರ್ ಕಾಣುತ್ತೆ, ಅದರ ಹಿಂದಿನ ಸರಪಳಿ ಕಾಣಲ್ಲ. ಗಾಳಿ ಜೋರಾದರೆ ತೋಟದ ಸಿಲ್ವರ್ ಓಕ್ ಕೊಂಬೆ ಲೈನಿನ ಮೇಲೆ ಬೀಳುತ್ತದೆ. ಲೈನ್‌ಮ್ಯಾನ್‌ಗಳು ಆ ಮಳೆಯಲ್ಲಿ, ಜಿಗಣೆ ಕಚ್ಚಿಸಿಕೊಂಡು, ಒಂದೊಂದೇ ಕಂಬ ನೋಡುತ್ತಾ ಬರಬೇಕು. ಅಲ್ಲಿಯವರೆಗೆ ಟವರ್ ಬ್ಯಾಟರಿಯಲ್ಲಿ ನಡೆಯುತ್ತದೆ, ಕೆಲವು ಗಂಟೆ. ಆಮೇಲೆ ಜನರೇಟರ್ ಇದ್ದರೆ ಅದಕ್ಕೆ ಡೀಸೆಲ್ ತರಬೇಕು. ಡೀಸೆಲ್ ಬರೋ ರಸ್ತೆಗೆ ಮರ ಅಡ್ಡ ಬಿದ್ದಿರುತ್ತದೆ. ಇನ್ನು ಫೈಬರ್ ಕೇಬಲ್ ಎಷ್ಟೋ ಕಡೆ ಅದೇ ಕಂಬಗಳ ಮೇಲೆ ಹೋಗಿರೋದ್ರಿಂದ ಕಂಬ ಬಿದ್ದರೆ ಕರೆಂಟೂ ನೆಟ್ಟೂ ಜೊತೆಯಲ್ಲೇ ಹೋಗುತ್ತವೆ.

ಇದೆಲ್ಲ ಪ್ರತಿ ವರ್ಷದ ಮಾತಾಯಿತು. 2018ರ ಆಗಸ್ಟ್ ಬೇರೆಯೇ ಮಾತು. ಮಕ್ಕಂದೂರು ಕಡೆ ಗುಡ್ಡಗಳೇ ಜಾರಿದವು, ಜೋಡುಪಾಲದ ಹತ್ತಿರ ಮಡಿಕೇರಿ-ಸಂಪಾಜೆ ರಸ್ತೆ ಕುಸಿಯಿತು, ಮಂಗಳೂರು ಕಡೆಯ ದಾರಿಯೇ ಕಡಿದುಹೋಯಿತು. ಮುಂದಿನ ವರ್ಷ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟದಲ್ಲಿ ಭೂಕುಸಿತ. ಮೂರು ಆಗಸ್ಟ್ ಸಾಲಾಗಿ. ಇದಾದ ಮೇಲೂ ಆಗಸ್ಟಿನ ಭೂಕುಸಿತವನ್ನು "ಅಪರೂಪದ ಘಟನೆ" ಅಂತ ರಿಸ್ಕ್ ಪಟ್ಟಿಯಲ್ಲಿ ಬರೆಯುವವರನ್ನು ಕಂಡರೆ ನನಗೆ ಬೇಸರ ಆಗುತ್ತದೆ.

"ಎರಡು ಕಂಪನಿಯ ಕನೆಕ್ಷನ್ ತಗೊಂಡಿದ್ದೀನಿ. ಆದ್ರೂ ಎರಡೂ ಒಟ್ಟಿಗೆ ಹೋಗುತ್ತೆ, ಮೋಸ ಅಲ್ವಾ ಇದು?"

ಮೋಸ ಅಲ್ಲ, ವಿಚಾರಿಸದೇ ಹಾಕಿಸಿದ್ದು. ಬಿಲ್ ಎರಡು, ಕಂಬ ಒಂದೇ. ಎರಡೂ ಕೇಬಲ್ ಒಂದೇ ರಸ್ತೆ ಬದಿಯಲ್ಲಿ ಬಂದಿದ್ದರೆ ರಸ್ತೆ ಅಗಲ ಮಾಡುವ ಜೆಸಿಬಿ ಒಂದೇ ಸಲ ಎರಡನ್ನೂ ಕಿತ್ತು ಹಾಕುತ್ತದೆ. ಕನೆಕ್ಷನ್ ತಗೊಳ್ಳುವ ಮೊದಲು ಕೇಬಲ್ ಯಾವ ದಾರಿಯಿಂದ ಬರುತ್ತದೆ ಅಂತ ಕೇಳಿ. ಹಾಕೋಕೆ ಬಂದ ಹುಡುಗನಿಗೆ ಒಂದು ಲೋಟ ಕಾಫಿ ಕೊಟ್ಟು ಕೇಳಿದರೆ ಅವನೇ ಕೈ ತೋರಿಸಿ ಹೇಳುತ್ತಾನೆ. ಒಂದು ಫೈಬರ್, ಇನ್ನೊಂದು ಗಾಳಿಯಲ್ಲಿ ಬರುವ ಸಿಮ್ ಅಥವಾ ರೇಡಿಯೋ ಲಿಂಕ್ ಇಟ್ಟುಕೊಳ್ಳಿ. ಆ ಸಿಮ್ ಸಿಗ್ನಲ್ ತೆಗೆದುಕೊಳ್ಳೋ ಟವರ್ ಬೇರೆ ಊರಿನ ಕರೆಂಟ್ ಫೀಡರ್ (ಸಬ್‌ಸ್ಟೇಷನ್‌ನಿಂದ ಬರುವ ಲೈನ್) ಮೇಲಿದ್ದರೆ ಇನ್ನೂ ಒಳ್ಳೆಯದು.

ನಾವು ಒಂದು ಕ್ಯೂರಿಂಗ್ ವರ್ಕ್ಸ್‌ಗೆ ಇದನ್ನು ನೋಡದೆ ಎರಡು ಲೈನ್ ಹಾಕಿಸಿಕೊಟ್ಟೆವು. ಜುಲೈನ ಒಂದು ಸಂಜೆ ಒಂದೇ ಮರ ಎರಡನ್ನೂ ಕಡಿಯಿತು, ಮೂರು ದಿನ ನೆಟ್ ಇಲ್ಲ. ಆ ಖರ್ಚು ನಾವೇ ಹೊತ್ತೆವು. ಹೊರಬೇಕಾಗಿತ್ತು ಕೂಡ.

"ಸಿಡಿಲಿಗೆ ವರ್ಷಾ ಒಂದು ಮೋಡೆಮ್ ಸುಡುತ್ತೆ, ಏನು ಮಾಡೋದು?"

ಏಪ್ರಿಲ್, ಮೇ ಗುಡುಗಿನ ಕಾಲ. ಸರಿಯಾದ ಅರ್ಥಿಂಗ್ ಮಾಡಿಸಿ. ತಾಮ್ರದ ತಂತಿ ಇರುವ ಕಡೆ ಫೈಬರ್‌ಗೆ ಬದಲಾಯಿಸಿ. ಮಧ್ಯಾಹ್ನದ ಮೇಲೆ ಮೋಡ ಕಟ್ಟಿದರೆ ಪ್ಲಗ್ ಕಿತ್ತಿಡಿ. ಸೆಟ್ಟಿಂಗ್ ಮಾಡಿಟ್ಟ ಒಂದು ಮೋಡೆಮ್ ಬೀರುವಿನಲ್ಲಿ ಇರಲಿ.

"ಸಾಫ್ಟ್‌ವೇರ್ ಬದಲಾಯಿಸೋಕೆ ಒಳ್ಳೆ ತಿಂಗಳು ಯಾವುದು ಸರ್?"

ಬಹಳ ಒಳ್ಳೆ ಪ್ರಶ್ನೆ, ಇದನ್ನು ಇನ್ನೂ ಜಾಸ್ತಿ ಜನ ಕೇಳಬೇಕು. ದೊಡ್ಡ ಕಂಪನಿಗಳಲ್ಲಿ ಬದಲಾವಣೆಗೆ ಒಂದು ಕ್ಯಾಲೆಂಡರ್ ಇರುತ್ತದೆ, ದೀಪಾವಳಿ ಸೇಲ್ ಸಮಯದಲ್ಲಿ ಯಾವುದನ್ನೂ ಮುಟ್ಟಬಾರದು ಅನ್ನೋ ಥರ. ಆ ಕ್ಯಾಲೆಂಡರನ್ನು ಬೆಂಗಳೂರಿನಿಂದ ಹಾಗೇ ತಂದು ಇಲ್ಲಿ ಹಾಕಿದರೆ ಹೊಂದಲ್ಲ. ಇಲ್ಲಿ ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಅದು ಮುಗಿಯೋ ಹೊತ್ತಿಗೆ ರೊಬಸ್ಟಾ, ಮಾರ್ಚ್‌ವರೆಗೂ ಎಳೆಯುತ್ತದೆ. ಆ ತಿಂಗಳುಗಳಲ್ಲಿ ಕೂಲಿ ಲೆಕ್ಕ, ತೂಕದ ಲೆಕ್ಕ, ಲಾರಿ ಬಿಲ್ಲು ಒಂದರ ಮೇಲೊಂದು. ಮಧ್ಯೆ ಸುಗ್ಗಿ ಹಬ್ಬ ಹುತ್ತರಿ ಬರುತ್ತದೆ, ಆ ದಿನಗಳಲ್ಲಿ ಫೋನ್ ಎತ್ತುವವರೂ ಇರಲ್ಲ. ಮಾರ್ಚ್ 31ಕ್ಕೆ ಸೊಸೈಟಿಗಳ ವರ್ಷಾಂತ್ಯ. ಜೂನ್‌ನಿಂದ ಮಳೆ, ಕಕ್ಕಡದಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಜೋರು ಮಳೆಯ ತಿಂಗಳು) ಅಂತೂ ಒಂದು ಸರ್ವರ್ ಮುಟ್ಟೋಕೂ ನನಗೆ ಧೈರ್ಯ ಇಲ್ಲ. ಅಕ್ಟೋಬರ್‌ನಲ್ಲಿ ಮಡಿಕೇರಿ ದಸರಾ, ತುಲಾ ಸಂಕ್ರಮಣ, ಹೋಂಸ್ಟೇಗಳೆಲ್ಲ ಭರ್ತಿ.

ಉಳಿಯೋದು ಎರಡು ಕಿಟಕಿ. ಒಂದು ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ, ಸಿಡಿಲು ನೋಡಿಕೊಂಡು, ಬೆಳಗಿನ ಹೊತ್ತು. ಇನ್ನೊಂದು ಸೆಪ್ಟೆಂಬರ್, ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ. ಹೋಂಸ್ಟೇಗೆ ಮೇ ಕೂಡ ಬೇಡ, ರಜೆಯ ಜನ ಬರುತ್ತಾರೆ. ಅವರಿಗೆ ಜೂನ್ ಮೊದಲ ವಾರವೇ ಸರಿ.

"ನಮ್ಮ ಮಗಳು ಮನೆಯಿಂದಲೇ ಬೆಂಗಳೂರು ಕಂಪನಿಗೆ ಕೆಲಸ ಮಾಡ್ತಾಳೆ. ನೆಟ್ ಹೋದ್ರೆ ಅವಳ ಮೇಲೆ ಕೋಪ ಮಾಡ್ತಾರೆ. ಇದು ಅವಳ ತಪ್ಪಾ?"

ಅಲ್ಲ ಅಕ್ಕ. 2020ರ ಲಾಕ್‌ಡೌನ್‌ನಲ್ಲಿ ಕಂಪನಿಗಳು ಎಲ್ಲರನ್ನೂ ಮನೆಗೆ ಕಳಿಸಿದವು. ಸೇವೆಯ ಲೆಕ್ಕ ಮಾತ್ರ ಆಫೀಸ್ ಕಟ್ಟಡದ್ದೇ ಉಳಿಯಿತು. ಕೆಲಸ ಮಾಡುವವರು ಈಗ ಯಾವ ಯಾವ ಊರಲ್ಲಿ ಕೂತಿದ್ದಾರೆ, ಆ ಊರಿನ ಕರೆಂಟು ಹೇಗೆ ಅಂತ ಸರ್ವಿಸ್ ಡೆಸ್ಕ್‌ಗೆ ಗೊತ್ತಿರಬೇಕು. ಸಾಮಾಜಿಕ ಅಂಶ ಅಂತ ಪುಸ್ತಕದಲ್ಲಿ ಬರೆದಿರೋದು ಇದನ್ನೇ. ಮಗಳಿಗೆ ಹೇಳಿ, ಮೇ ತಿಂಗಳಲ್ಲೇ ಮ್ಯಾನೇಜರ್‌ಗೆ ಒಂದು ಮೇಲ್ ಬರೆಯಲಿ: ಜೂನ್‌ನಿಂದ ಸೆಪ್ಟೆಂಬರ್ ಇಂತಿಂಥ ತೊಂದರೆ ಇರುತ್ತದೆ, ರಾತ್ರಿ ಆನ್‌-ಕಾಲ್ ಬೇರೆಯವರಿಗೆ ಕೊಡಿ, ನಾನು ಬದಲಿಗೆ ಅಕ್ಟೋಬರ್‌ನಲ್ಲಿ ಮಾಡುತ್ತೇನೆ. ಮೊದಲೇ ಹೇಳಿದ್ದಕ್ಕೂ, ಕಡಿದ ಮೇಲೆ ಹೇಳಿದ್ದಕ್ಕೂ ಬಹಳ ವ್ಯತ್ಯಾಸ ಇದೆ.

## ಕಾನೂನು ಮತ್ತು ದುಡ್ಡು

"ಸರ್ಟ್-ಇನ್ ನಿಯಮ ಎಲ್ಲ ದೊಡ್ಡ ಕಂಪನಿಗೆ ಅಲ್ವಾ? ನಮ್ಮಂಥ ಸಣ್ಣವರಿಗೆ ಯಾಕೆ?"

ಸರ್ಟ್-ಇನ್ ಅಂದರೆ ದೇಶದ ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ. ಅದರ 2022ರ ಏಪ್ರಿಲ್ 28ರ ನಿರ್ದೇಶನ ಸೇವೆ ಕೊಡುವವರು, ಡೇಟಾ ಸೆಂಟರ್‌ಗಳು, ಕಂಪನಿ ಮತ್ತು ಸಂಸ್ಥೆಗಳು, ಸರ್ಕಾರಿ ಕಚೇರಿಗಳು ಎಲ್ಲರಿಗೂ ಹೇಳಿದ್ದು. ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆ ಸಿಕ್ಕಿದ್ದು ಆ ವರ್ಷದ ಸೆಪ್ಟೆಂಬರ್ 25ರವರೆಗೆ ಹೆಚ್ಚಿನ ಸಮಯ ಮಾತ್ರ. ಪಟ್ಟಿಯಲ್ಲಿರುವ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಆ ಸಂಸ್ಥೆಗೆ ತಿಳಿಸಬೇಕು. ಲಾಗ್‌ಗಳನ್ನು (ಕಂಪ್ಯೂಟರಿನಲ್ಲಿ ಯಾವಾಗ ಏನಾಯಿತು ಅನ್ನೋ ದಾಖಲೆ) 180 ದಿನ ಇಟ್ಟುಕೊಂಡಿರಬೇಕು.

6 ಗಂಟೆ ಅಂದರೆ ಎಷ್ಟು ಕಡಿಮೆ ಅಂತ ಯೋಚನೆ ಮಾಡಿ. ಶನಿವಾರ ಸಂಜೆ 7ಕ್ಕೆ ಸೊಸೈಟಿಯ ಸರ್ವರ್‌ಗೆ ರಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಬಡಿದದ್ದು ಗೊತ್ತಾದರೆ ರಾತ್ರಿ 1 ಗಂಟೆಗೆ ಅವಧಿ ಮುಗಿಯಿತು. ಸೆಕ್ರೆಟರಿ ಮದುವೆಮನೆಯಲ್ಲಿರುತ್ತಾರೆ, ಅಲ್ಲಿ ರೇಂಜ್ ಇರಲ್ಲ. ಹಾಗಾಗಿ ಯಾರು ತಿಳಿಸಬೇಕು, ಅವರಿಲ್ಲದಿದ್ದರೆ ಯಾರು, ಯಾವ ವಿವರ ಬೇಕು ಅಂತ ಒಂದು ಹಾಳೆಯಲ್ಲಿ ಮೊದಲೇ ಬರೆದು ಗೋಡೆಗೆ ಅಂಟಿಸಿಡಿ. ದೆಹಲಿಯಲ್ಲಿ ಬರೆದ ಒಂದು ಸಾಲು ಪೊನ್ನಂಪೇಟೆಯ ಒಂದು ಆಫೀಸಿನ ಶನಿವಾರ ರಾತ್ರಿಯನ್ನು ಬದಲಾಯಿಸುತ್ತದೆ. ಕಾನೂನಿನ ಪ್ರಭಾವಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನ್ನ ಹತ್ತಿರ ಇಲ್ಲ.

"ಹೋಂಸ್ಟೇಗೆ ಬರೋರ ಆಧಾರ್ ಫೋಟೋ ವಾಟ್ಸಾಪ್‌ನಲ್ಲಿ ತರಿಸಿಕೊಳ್ತೀವಿ, ಏನಾದ್ರೂ ತೊಂದ್ರೆನಾ?"

ಅತಿಥಿಗಳ ಗುರುತು ಬರೆದಿಟ್ಟುಕೊಳ್ಳೋದು ಬೇಕೇ ಬೇಕು. ಆದರೆ ಆ ಫೋಟೋಗಳು ನಿಮ್ಮ ಫೋನಿನ ಗ್ಯಾಲರಿಯಲ್ಲಿ, ಮಗನ ಲ್ಯಾಪ್‌ಟಾಪಿನಲ್ಲಿ, ಅಡುಗೆಯವರ ಗ್ರೂಪಿನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತವಲ್ಲ, ಅದು ತಪ್ಪು. ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಹಂತ ಹಂತವಾಗಿ ಜಾರಿಯಾಗುತ್ತವೆ. ಮಾಹಿತಿ ಕಾಪಾಡದೆ ಸೋರಿಕೆ ಆದರೆ ದಂಡದ ಮಿತಿ 250 ಕೋಟಿ ರೂಪಾಯಿವರೆಗೆ ಇದೆ. ನಿಮಗೆ ಅಷ್ಟು ಹಾಕುತ್ತಾರೆ ಅಂತ ಹೆದರಿಸ್ತಿಲ್ಲ. ಒಂದೇ ಫೋನ್, ಒಂದೇ ಫೋಲ್ಡರ್, ಅಗತ್ಯದ ಅವಧಿ ಮುಗಿದ ಮೇಲೆ ಅಳಿಸೋದು, ಇಷ್ಟು ಈ ವಾರವೇ ಶುರುಮಾಡಿ. ನಿಮ್ಮ ಮನೆಗೆ ನಂಬಿ ಬಂದವರ ಗುರುತಿನ ಚೀಟಿ ಅದು.

"ಯುರೋಪಿನವರು ಕಾನೂನು ಮಾಡಿದ್ರೆ ಕುಶಾಲನಗರದ ಕಂಪ್ಯೂಟರ್‌ಗೆ ಏನು?"

ತುಂಬಾ ಇದೆ. ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರ್ ಮುಂತಾದವು ತಮ್ಮಲ್ಲಿಗೆ ಬರಬಾರದು ಅಂತ ಐರೋಪ್ಯ ಒಕ್ಕೂಟ 2023ರಲ್ಲಿ ನಿಯಮ ಮಾಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗ ಆಗಿರಬಾರದು, ಅದಕ್ಕೆ ತೋಟ ಇರುವ ಜಾಗದ ಅಕ್ಷಾಂಶ ರೇಖಾಂಶ ಬೇಕು. ತೋಟ 4 ಹೆಕ್ಟೇರ್‌ಗಿಂತ ದೊಡ್ಡದಾದರೆ ಒಂದು ಚುಕ್ಕಿ ಸಾಲದು, ಪೂರ್ತಿ ಗಡಿ ಗುರುತಿಸಬೇಕು.

ಈಗ ರಫ್ತು ಮಾಡುವವರ ಗೋದಾಮು ನೋಡಿ. ಇಷ್ಟು ದಿನ ಮೂಟೆ, ತೂಕ, ತೇವಾಂಶ, ದರ ಬರೆದರೆ ಆಗುತ್ತಿತ್ತು. ಇನ್ನು ಯಾವ ಮೂಟೆ ಯಾವ ತೋಟದ್ದು ಅಂತ ಕೊನೆಯವರೆಗೆ ಹೇಳಬೇಕು. ಐದು ಎಕರೆಯ ಹತ್ತು ಜನರ ಕಾಫಿ ಒಂದೇ ರಾಶಿಗೆ ಬಿದ್ದರೆ ಲೆಕ್ಕ ಹೋಯಿತು. ಅಂದಮೇಲೆ ಸಾಫ್ಟ್‌ವೇರ್ ಬದಲಾಗಬೇಕು, ತೂಕದ ಹುಡುಗನ ಕೆಲಸದ ಕ್ರಮ ಬದಲಾಗಬೇಕು, ಬೆಳೆಗಾರರ ಮಾಹಿತಿಗೆ ಭದ್ರತೆ ಬೇಕು, ರೇಂಜ್ ಇಲ್ಲದ ತೋಟದಲ್ಲೂ ಓಡುವ ಆ್ಯಪ್ ಬೇಕು. 2024ರ ಡಿಸೆಂಬರ್‌ನಲ್ಲಿ ಜಾರಿಯಾಗಬೇಕಿದ್ದದ್ದು ಮುಂದೆ ಹೋಯಿತು. ಮುಂದೆ ಹೋಯಿತು ಅಂತ ಕೆಲವರು ಕೆಲಸವನ್ನೇ ನಿಲ್ಲಿಸಿದರು. ದಯವಿಟ್ಟು ಹಾಗೆ ಮಾಡಬೇಡಿ, ಗಡಿ ಗುರುತಿಸುವ ಕೆಲಸ ಬೇಸಿಗೆಯಲ್ಲಿ ಮಾತ್ರ ಆಗುತ್ತದೆ.

"ಡಾಲರ್ ಏರಿದ್ರೆ ನಮ್ಮ ಎಎಂಸಿ ಯಾಕೆ ಏರಬೇಕು?"

ಎಎಂಸಿ ಅಂದರೆ ವರ್ಷದ ನಿರ್ವಹಣೆಯ ಒಪ್ಪಂದ. ಕ್ಲೌಡ್, ಮೇಲ್, ಆಂಟಿವೈರಸ್ ಇವುಗಳಲ್ಲಿ ಎಷ್ಟೋ ದರ ಹೊರದೇಶದಲ್ಲಿ ಗೊತ್ತಾಗುತ್ತದೆ. ದರ ಅಷ್ಟೇ ಅಲ್ಲ, ಅವರ ತೀರ್ಮಾನಗಳೂ ನಮ್ಮ ಮೇಲೆ ಬೀಳುತ್ತವೆ. ವಿಂಡೋಸ್ 10ಕ್ಕೆ ಉಚಿತ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಚೆನ್ನಾಗಿ ಓಡುತ್ತಿದ್ದ ಎಷ್ಟೋ ಕಂಪ್ಯೂಟರ್ ವಿಂಡೋಸ್ 11ಕ್ಕೆ ಆಗಲ್ಲ ಅಂತ ಪಕ್ಕಕ್ಕಿಡಬೇಕಾಯಿತು. ಒಂದೇ ಸರ್ವರ್‌ನಲ್ಲಿ ಹಲವು ಸರ್ವರ್ ಓಡಿಸುವ ಸಾಫ್ಟ್‌ವೇರ್ ಮಾಡುವ ವಿಎಂವೇರ್ ಕಂಪನಿಯನ್ನು ಬ್ರಾಡ್‌ಕಾಮ್ 2023ರಲ್ಲಿ ಕೊಂಡ ಮೇಲೆ ಒಂದು ಸಲ ದುಡ್ಡು ಕೊಟ್ಟು ಶಾಶ್ವತವಾಗಿ ತಗೊಳ್ಳುವ ಲೈಸೆನ್ಸ್ ಮಾರಾಟವೇ ನಿಂತಿತು. ಇಂಥ ತಾರೀಖುಗಳನ್ನು ಎರಡು ವರ್ಷ ಮೊದಲೇ ಬಜೆಟ್ಟಿನಲ್ಲಿ ಬರೆದಿಟ್ಟರೆ ಹೊರೆ ಹಂಚಿಹೋಗುತ್ತದೆ. ಕಾಫಿ ದರ ಚೆನ್ನಾಗಿರುವ ವರ್ಷ ಹಳೆ ಮಷೀನ್ ಬದಲಾಯಿಸಿ, ದರ ಬಿದ್ದ ವರ್ಷ ಯಾರೂ ಚೆಕ್ ಬರೆಯಲ್ಲ.

## ಇನ್ನೂ ಒಳಗೆ ಹೋಗೋಣ

"ಕ್ರೌಡ್‌ಸ್ಟ್ರೈಕ್ ಥರದ್ದು ಆದ್ರೆ ಯಾವ ಪ್ಲಾನ್ ಇದ್ದು ಏನು ಉಪಯೋಗ?"

2024ರ ಜುಲೈ 19. ಕ್ರೌಡ್‌ಸ್ಟ್ರೈಕ್ ಕಂಪನಿಯ, ಭದ್ರತೆಗೆ ಅಂತ ಹಾಕಿಕೊಂಡ ಸಾಫ್ಟ್‌ವೇರಿನ ಒಂದು ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಮಷೀನ್‌ಗಳು ನೀಲಿ ಪರದೆಗೆ ಬಿದ್ದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಎಷ್ಟೋ ಮಷೀನ್‌ಗಳನ್ನು ದೂರದಿಂದ ಸರಿಮಾಡೋಕೆ ಆಗಲಿಲ್ಲ. ಒಂದೊಂದರ ಎದುರೂ ಕೂತು, ಸೇಫ್ ಮೋಡ್‌ಗೆ (ವಿಂಡೋಸ್ ಬೇಕಾದಷ್ಟನ್ನೇ ಹಾಕಿಕೊಂಡು ಶುರುವಾಗುವ ಸ್ಥಿತಿ) ಹೋಗಿ, ಆ ಫೈಲ್ ಅಳಿಸಬೇಕಿತ್ತು. ಡಿಸ್ಕ್ ಬೀಗದ ಕೀ (ಡಿಸ್ಕಿನ ಗುಪ್ತಲಿಪಿ ಬಿಡಿಸುವ ಉದ್ದದ ಸಂಖ್ಯೆ) ಎಲ್ಲಿದೆ ಅಂತ ಗೊತ್ತಿಲ್ಲದವರು ಅಲ್ಲೇ ನಿಂತರು.

ಇದನ್ನು ಕೊಡಗಿಗೆ ಹಾಕಿ ನೋಡಿ. ಜುಲೈ, ಮಳೆ, ನಾಪೋಕ್ಲುವಿನಲ್ಲಿ ಮೂರು ಮಷೀನ್, ಶನಿವಾರಸಂತೆಯಲ್ಲಿ ಎರಡು, ಕುಟ್ಟದಲ್ಲಿ ಒಂದು. ಒಂದು ದಿನದಲ್ಲಿ ಸುತ್ತಿ ಮುಗಿಸೋಕೆ ಆಗಲ್ಲ. ಅದಕ್ಕೇ ನಾವು ಆ ವರ್ಷದಿಂದ ಎರಡು ಕೆಲಸ ಮಾಡುತ್ತಿದ್ದೇವೆ. ಪ್ರತಿ ಜಾಗದಲ್ಲೂ ಕಂಪ್ಯೂಟರ್ ಗೊತ್ತಿಲ್ಲದ ಒಬ್ಬರಿಗೆ, ರೈಟರ್ ಆಗಲಿ ಟೀಚರ್ ಆಗಲಿ, ಸೇಫ್ ಮೋಡ್‌ಗೆ ಹೋಗೋದನ್ನು ಫೋನಿನಲ್ಲಿ ಹೇಳಿದರೆ ಮಾಡುವಷ್ಟು ಕಲಿಸಿದ್ದೇವೆ. ಡಿಸ್ಕ್ ಕೀಗಳನ್ನು ಕಾಗದದಲ್ಲಿ ಬರೆದು ಬೀಗದೊಳಗೆ ಇಟ್ಟಿದ್ದೇವೆ.

"ಎಸ್‌ಎಲ್‌ಎನಲ್ಲಿ 99.5 ಅಂತ ಬರೆದಿದ್ದೀರಿ. ಮಳೆ ಬಂದ್ರೆ ಲೆಕ್ಕಕ್ಕಿಲ್ಲ ಅಂತೀರಿ. ಮತ್ತೆ ಅದು ಯಾಕೆ?"

ಈ ಪ್ರಶ್ನೆಗೆ ನಾನು ತಲೆಬಾಗುತ್ತೇನೆ. ಎಸ್‌ಎಲ್‌ಎ ಅಂದರೆ ಸೇವೆ ನೂರಕ್ಕೆ ಎಷ್ಟು ಹೊತ್ತು ನಡೆಯುತ್ತದೆ ಅಂತೆಲ್ಲ ಗ್ರಾಹಕರಿಗೆ ಬರೆದುಕೊಡುವ ಮಾತು. ದೈವಾಧೀನ ಅಂತ ಒಂದು ಸಾಲು ಒಪ್ಪಂದದ ಕೊನೆಗೆ ಸೇರಿಸಿ, ಜೂನ್‌ನಿಂದ ಸೆಪ್ಟೆಂಬರ್ ಪೂರ್ತಿ ಅದರ ಹಿಂದೆ ನಿಲ್ಲೋದು ನ್ಯಾಯ ಅಲ್ಲ. ಪ್ರತಿ ವರ್ಷ ಬರುವ ಮಳೆ ದೈವಾಧೀನ ಹೇಗಾಗುತ್ತದೆ?

ಮೊದಲು ಲೆಕ್ಕ ನೋಡಿ. 30 ದಿನದ ತಿಂಗಳಿನಲ್ಲಿ 99.5 ಶೇಕಡಾ ಅಂದರೆ 3 ಗಂಟೆ 36 ನಿಮಿಷ ಸೇವೆ ನಿಲ್ಲಬಹುದು. 99.9 ಅಂದರೆ 43 ನಿಮಿಷ. ಅದೇ 99.5 ಅನ್ನು ವರ್ಷದ ಲೆಕ್ಕಕ್ಕೆ ಬರೆದರೆ 43 ಗಂಟೆ ಮೀರಿ ಹೋಗುತ್ತದೆ. ಅಂದರೆ ಜುಲೈನಲ್ಲಿ ಒಂದೂಮುಕ್ಕಾಲು ದಿನ ಒಂದೇ ಸಮನೆ ನಿಂತಿದ್ದರೂ ವರ್ಷಾಂತ್ಯದಲ್ಲಿ "ಮಾತು ಉಳಿಸಿಕೊಂಡೆವು" ಅಂತ ವರದಿ ಬರಬಹುದು. ಅಂಕಿ ಸುಳ್ಳಲ್ಲ, ಆದರೆ ಆ ಎರಡು ದಿನ ಕೌಂಟರಿನಲ್ಲಿ ನಿಂತವರಿಗೆ ಅದು ಸುಳ್ಳೇ.

ನಾವೀಗ ಬರೆಯೋದು ಹೀಗೆ. ಅಕ್ಟೋಬರ್‌ನಿಂದ ಮೇ ಒಂದು ಮಾತು, ಜೂನ್‌ನಿಂದ ಸೆಪ್ಟೆಂಬರ್ ಇನ್ನೊಂದು ಮಾತು, ಎರಡಕ್ಕೂ ತಿಂಗಳ ಲೆಕ್ಕ. ಮಳೆಗಾಲದ ಮಾತಿನಲ್ಲಿ ಶೇಕಡಾ ಕಡಿಮೆ, ಆದರೆ ನೆಟ್ ಇಲ್ಲದೆಯೂ ರಸೀದಿ ಕೊಡುವ ವ್ಯವಸ್ಥೆ ಇರಲೇಬೇಕು ಅಂತ ಬರೆಯುತ್ತೇವೆ. ರಸ್ತೆ ಬಂದ್ ಅಂತ ಜಿಲ್ಲಾಡಳಿತ ಹೇಳಿದರೆ ಮಾತ್ರ ನಾವು ಬರುವ ಸಮಯಕ್ಕೆ ವಿನಾಯಿತಿ. ಆನೆ ಓಡಾಟ ಇರುವ ತೋಟಗಳಿಗೆ ಸಂಜೆ 5ರ ಮೇಲೆ ಹುಡುಗರನ್ನು ಕಳಿಸಲ್ಲ, ಅದನ್ನೂ ಬರೆಯುತ್ತೇವೆ. ಹೀಗೆ ಬರೆದ ಮೇಲೆ ಒಬ್ಬ ಗ್ರಾಹಕರು ಬಿಟ್ಟುಹೋದರು, ಉಳಿದವರು ಜಗಳ ನಿಲ್ಲಿಸಿದರು.

"ಐಎಸ್ಒ ಆಡಿಟ್‌ನಲ್ಲಿ ಇದನ್ನೆಲ್ಲ ಕೇಳ್ತಾರಾ?"

ಕೇಳುತ್ತಾರೆ. ಐಟಿ ಸೇವೆಗೆ ಇರುವ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 20000-1ರ 2018ರ ಆವೃತ್ತಿಯಲ್ಲಿ 4.1ನೇ ಅಂಶವೇ ಹೊರಗಿನ ಮತ್ತು ಒಳಗಿನ ಸಂಗತಿಗಳನ್ನು ಗುರುತಿಸಿ ಅಂತ. 2024ರ ತಿದ್ದುಪಡಿಯಿಂದ ಹವಾಮಾನ ಬದಲಾವಣೆ ನಿಮಗೆ ಸಂಬಂಧಪಡುತ್ತದೆಯೇ ಅಂತಲೂ ತೀರ್ಮಾನಿಸಬೇಕು. ಕೊಡಗಿನಲ್ಲಿ "ಸಂಬಂಧ ಇಲ್ಲ" ಅಂತ ಬರೆಯೋಕೆ ಕೈ ಬರಲ್ಲ.

"ದೊಡ್ಡ ಅನಾಹುತ ಆದಾಗ ಮೊದಲು ಯಾವ ಸೇವೆ ಎಬ್ಬಿಸಬೇಕು?"

ಇದನ್ನು ಅನಾಹುತದ ದಿನ ಕೂತು ತೀರ್ಮಾನಿಸೋಕೆ ಆಗಲ್ಲ. ಮೇ ತಿಂಗಳಲ್ಲಿ ಎಲ್ಲರನ್ನೂ ಕೂರಿಸಿ ಕೇಳಬೇಕು: ಇದು ಎಷ್ಟು ಹೊತ್ತು ಇಲ್ಲದಿದ್ದರೆ ನಡೆಯುತ್ತದೆ, ಎಷ್ಟು ದಿನದ ಲೆಕ್ಕ ಕಳೆದರೆ ಮತ್ತೆ ಬರೆಯಬಹುದು? ಉತ್ತರ ಕೇಳಿದರೆ ಆಶ್ಚರ್ಯ ಆಗುತ್ತದೆ. ಒಂದು ಶಾಲೆಯಲ್ಲಿ ನಾವು ಫೀಸ್ ಸಾಫ್ಟ್‌ವೇರ್ ಮೊದಲು ಅಂದುಕೊಂಡಿದ್ದೆವು. ಮುಖ್ಯೋಪಾಧ್ಯಾಯಿನಿ ಹೇಳಿದ್ದು, "ಫೀಸ್ ಬಿಡಿ, ಒಂದು ತಿಂಗಳು ಹೋದ್ರೂ ಪರವಾಗಿಲ್ಲ. ಯಾವ ಮಗು ಯಾವ ಬಸ್ಸಲ್ಲಿ ಹೋಗುತ್ತೆ, ಅಪ್ಪ ಅಮ್ಮನ ನಂಬರ್ ಏನು, ಅದು ಬೇಕು."

ಈಗ ಆ ಪಟ್ಟಿ ಮೇ ಕೊನೆಯ ವಾರ ಪ್ರಿಂಟ್ ಆಗುತ್ತದೆ, ಪ್ಲಾಸ್ಟಿಕ್ ಹಾಕಿಸಿ ಒಂದು ಪ್ರತಿ ಆಫೀಸಿನಲ್ಲಿ, ಪ್ರತಿ ಬಸ್ಸಿನ ಡ್ರೈವರ್ ಹತ್ತಿರ ಅವರವರ ಪ್ರತಿ. ಬ್ಯಾಕಪ್ ಡಿಸ್ಕ್ ಒಂದು ಮೈಸೂರಿನಲ್ಲಿ ಇರುತ್ತದೆ, ಅದೂ ಜೂನ್ 1ಕ್ಕೆ ಮೊದಲೇ ಹೋಗಬೇಕು. ಈ ವರ್ಷದ ಡಿಸ್ಕ್ ತಗೊಂಡು ಹೋಗೋರು ಯಾರು ಅಂತ ಬೋರ್ಡಿನ ಮೇಲೆ ಹೆಸರು ಬರೆದಾಗಿದೆ.